ಕಣ್ಣಿಗೆ ಕಾಣದ ಕಾಡಿಗೆ

(ಪರದೆಯ ಮೇಲೆ: ಕಾಡಿಗೆ ಹಚ್ಚಿದ ಒಂದು ಕಣ್ಣು. ಸಂಗೀತ ಬೇಡ.)

ನಮಸ್ಕಾರ. ಈ ಕಣ್ಣಿಗೆ ಎದುರಿಗಿರುವುದೆಲ್ಲ ಕಾಣುತ್ತದೆ. ಕಾಣದಿರುವುದು ತನ್ನ ರೆಪ್ಪೆಯಂಚಿನ ಕಾಡಿಗೆ ಮಾತ್ರ. ಮನುಷ್ಯನಿಗೆ ತನ್ನ ದೋಷ ಕಾಣದಿರುವುದೂ ಹೀಗೆಯೇ ಎನ್ನುತ್ತದೆ ‘ಕವಿರಾಜಮಾರ್ಗ’. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ, ಕಾವ್ಯ ಹೇಗಿರಬೇಕೆಂದು ಹೇಳುವ ಗ್ರಂಥ ಇದು. ನಮ್ಮ ಕೈಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಇದೇ ಅತ್ಯಂತ ಹಳೆಯದು. ಅದರ ಮೊದಲ ಪರಿಚ್ಛೇದದ ಹೆಸರಿನಲ್ಲಿಯೇ ‘ದೋಷ’ ಇದೆ! ಹಾಗೆಂದು ಅದು ಸಿಡುಕಿನ ಮೇಷ್ಟರ ಪುಸ್ತಕವಲ್ಲ. ಕನ್ನಡದ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು, ಏಕೆಂದರೆ ದೇಸಿಗಳು, ಅಂದರೆ ಊರೂರಿನ ನುಡಿಬಗೆಗಳು, ಬೇರೆ ಬೇರೆ ಎಂದು ಅದೇ ಪುಸ್ತಕ ನಗುತ್ತಲೇ ಒಪ್ಪಿಕೊಳ್ಳುತ್ತದೆ.

ದೋಷವನ್ನು ಎಷ್ಟು ದೊಡ್ಡದೆಂದು ಎಣಿಸಬೇಕು? ಹಳಬರಲ್ಲಿ ಒಮ್ಮತವಿರಲಿಲ್ಲ. ಶ್ರೀವಿಜಯನಿಗೆ ದಾರಿ ತೋರಿಸಿದ ಸಂಸ್ಕೃತ ಗ್ರಂಥ ‘ಕಾವ್ಯಾದರ್ಶ’ದ ಕರ್ತೃ ದಂಡಿ ಬಲು ಕಟ್ಟುನಿಟ್ಟು. ಎಷ್ಟೇ ಚೆಲುವಾದ ದೇಹವಾದರೂ ತೊನ್ನಿನ ಒಂದು ಕಲೆಯಿಂದ ಕೆಡುತ್ತದೆ, ಆದ್ದರಿಂದ ಕಾವ್ಯದಲ್ಲಿ ಸಣ್ಣ ತಪ್ಪನ್ನೂ ಬಿಡಬಾರದು ಎನ್ನುತ್ತಾನೆ. (ಹೋಲಿಕೆ ಕ್ರೂರವಾಗಿದೆ, ಇಂದು ಅದನ್ನೇ ದೋಷವೆನ್ನಬೇಕು.) ಕಾಳಿದಾಸ ‘ಕುಮಾರಸಂಭವ’ದ ಆರಂಭದಲ್ಲೇ ಇದಕ್ಕೆ ತದ್ವಿರುದ್ಧವಾಗಿ ಹಾಡುತ್ತಾನೆ. ರತ್ನಗಳ ತವರಾದ ಹಿಮಾಲಯಕ್ಕೆ ಹಿಮ ಒಂದು ಕುಂದೇ? ಗುಣಗಳ ರಾಶಿಯಲ್ಲಿ ಒಂದು ದೋಷ, ಚಂದ್ರನ ಕಿರಣಗಳಲ್ಲಿ ಅವನ ಕಲೆಯಂತೆ ಮುಳುಗಿಹೋಗುತ್ತದೆ.

(ಪರದೆಯ ಮೇಲೆ: ಹುಣ್ಣಿಮೆಯ ಚಂದ್ರ, ನಿಧಾನವಾಗಿ ಹತ್ತಿರವಾಗುತ್ತಾ.)

ನನಗೆ ಹೆಚ್ಚು ಹಿಡಿಸುವುದು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ಮಾತು. ‘ಧ್ವನ್ಯಾಲೋಕ’ದಲ್ಲಿ ಅವನು ದೋಷವನ್ನು ಅಳೆಯುವ ಬದಲು ಅದು ಎಲ್ಲಿಂದ ಹುಟ್ಟಿತು ಎಂದು ಕೇಳುತ್ತಾನೆ. ಓದು, ತಿಳಿವಳಿಕೆ ಸಾಲದೆ ಆದ ತಪ್ಪನ್ನು ಕವಿಯ ಶಕ್ತಿ, ಅಂದರೆ ಅವನ ಪ್ರತಿಭೆ, ಮುಚ್ಚಿಬಿಡುತ್ತದೆ. ಶಕ್ತಿಯೇ ಇಲ್ಲದೆ ಆದ ತಪ್ಪು ಥಟ್ಟನೆ ಕಣ್ಣಿಗೆ ರಾಚುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಶೃಂಗಾರದಲ್ಲಿ ಕಿವಿಗೆ ಚುಚ್ಚುವ ಕರ್ಕಶ ಶಬ್ದ ರೌದ್ರದಲ್ಲಿ ದೋಷವೇ ಅಲ್ಲ.

ಅವನು ಹೇಳಿದ್ದು ಕಾವ್ಯದ ಬಗ್ಗೆ. ಮನುಷ್ಯರ ಬಗ್ಗೆ ಯೋಚಿಸುವಾಗಲೂ ನನಗೆ ಇದೇ ನೆನಪಾಗುತ್ತದೆ. ಪ್ರೀತಿಯುಳ್ಳವರು ತಿಳಿಯದೆ ಆಡಿದ ಒರಟು ಮಾತು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಪ್ರೀತಿಯಿಲ್ಲದವರ ಮಾತಿನಲ್ಲಿ ವ್ಯಾಕರಣ, ನಯ, ವಿನಯ ಎಲ್ಲವೂ ಇರುತ್ತವೆ. ಆದರೂ ಆ ಕೊರತೆ ಮೊದಲ ವಾಕ್ಯದಲ್ಲೇ ಕೇಳಿಸಿಬಿಡುತ್ತದೆ.

ಈಗ ಒಂದು ತೊಡಕು. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ?’ ಎಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಕೇಳಿದರು. ನಿಮ್ಮ ನಿಮ್ಮ ತನುವನ್ನು, ನಿಮ್ಮ ನಿಮ್ಮ ಮನವನ್ನು ಸಂತೈಸಿಕೊಳ್ಳಿ ಎಂದರು. ಈ ಸಾಲನ್ನು ಎದುರಾಳಿಯ ಬಾಯಿ ಮುಚ್ಚಿಸಲು ಬಳಸುವವರೇ ಹೆಚ್ಚು. ಅಂದರೆ ಅದನ್ನೂ ಲೋಕದ ಡೊಂಕು ತಿದ್ದಲೆಂದೇ ಎತ್ತಿಕೊಳ್ಳುತ್ತೇವೆ! ಅದಿರಲಿ. ತನ್ನ ಕಾಡಿಗೆ ತನಗೆ ಕಾಣುವುದೇ ಇಲ್ಲವಾದರೆ, ತನ್ನನ್ನು ತಾನು ಸಂತೈಸಿಕೊಳ್ಳುವುದು ಹೇಗೆ? ಇನ್ನೊಬ್ಬರ ಕಣ್ಣು ಬೇಕೇ ಬೇಕು. ಆ ಕಣ್ಣು ಹೇಗಿರಬೇಕು ಎನ್ನುವುದಕ್ಕೆ ಅದೇ ಕಾಲದ ಒಂದು ವಚನವಿದೆ.

(ಪರದೆಯ ಮೇಲೆ: ಚೆಲ್ಲಿದ ಅಕ್ಕಿ, ಅದನ್ನು ಆಯುವ ಕೈಗಳು.)

ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿ. ಬಸವಣ್ಣನವರ ಮನೆಯಂಗಳದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹೇಳುತ್ತಾಳೆ: ‘ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ.’ ಒಮ್ಮನವೆಂದರೆ ಒಂದೇ ಮನಸ್ಸು, ಇಮ್ಮನವೆಂದರೆ ಇಬ್ಬಗೆಯ ಮನಸ್ಸು. ನನ್ನ ಕಿವಿಗೆ ಅದರ ಹಿಂದೆ ಅಕ್ಕಿ ಅಳೆಯುವ ಮಾನವೂ ಸದ್ದು ಮಾಡುತ್ತದೆ. ಹಿಡಿ ಅಕ್ಕಿ ಹೆಚ್ಚಾದರೆ ಮನಸ್ಸು ಎರಡಾಯಿತು ಎಂದೇ ಲೆಕ್ಕ.

ಮುಂದಿನ ಸಾಲನ್ನು ಗಮನಿಸಿ. ಇದು ನಿಮ್ಮ ಮನವೋ, ‘ಬಸವಣ್ಣನ ಅನುಮಾನದ ಚಿತ್ತವೋ?’ ನಮ್ಮನ್ನು ಪರೀಕ್ಷಿಸಲು ಅವರೇ ಬೇಕೆಂದು ಹೆಚ್ಚು ಚೆಲ್ಲಿಸಿದರೋ ಎಂಬ ಗುಮಾನಿ. ಲೋಕವನ್ನು ಬಿಟ್ಟು ನಿಮ್ಮನ್ನು ತಿದ್ದಿಕೊಳ್ಳಿ ಎಂದವರ ಕಾಡಿಗೆಯೂ ಲಕ್ಕಮ್ಮನ ಕಣ್ಣಿಗೆ ಬಿದ್ದಿದೆ.

ಗಂಡನಿಗೆ ಬೈಗುಳವಿಲ್ಲ, ಉಪದೇಶವೂ ಇಲ್ಲ. ಬಹುವಚನದಲ್ಲಿಯೇ, ‘ಅಲ್ಲಿಯೇ ಸುರಿದು ಬನ್ನಿ ಮಾರಯ್ಯಾ.’