ನಡೆದರೆ 15, ನಿಂತರೆ 30: ಹಳೇ ಟ್ರ್ಯಾಕ್ಟರಿನ ಬೆಲ್ಟ್ ಜಾರಿ ಬೀಳುವುದಿಲ್ಲ ಯಾಕೆ?

[ಪರದೆ ಮೇಲೆ: ವೀಕ್ಷಕರ ಫೋಟೊ. ಹಳೇ ಮ್ಯಾಸಿ ಟ್ರ್ಯಾಕ್ಟರಿನ ಹಿಂದೆ, ಪಕ್ಕಕ್ಕೆ ಮುಖ ಮಾಡಿದ ತುಕ್ಕು ಹಿಡಿದ ಕಬ್ಬಿಣದ ಚಕ್ರ]

ನಮಸ್ಕಾರ. ಈ ಫೋಟೊ ಕಳಿಸಿದ್ದು ಮುಳಬಾಗಿಲು ಕಡೆಯ ಒಬ್ಬ ವೀಕ್ಷಕರು. ಜೊತೆಗೆ ಎರಡು ಪ್ರಶ್ನೆ. "ಸಾರ್, ತಾತನ ಶೆಡ್ಡಿನಲ್ಲಿ ಇದು ಸಿಕ್ಕಿತು. ಏನಿದು? ಗುಜರಿಗೆ ಹಾಕಬಹುದಾ?"

ಎರಡನೆಯದಕ್ಕೆ ಮೊದಲು ಉತ್ತರ. ದಯವಿಟ್ಟು ಹಾಕಬೇಡಿ.

ಇದು ಬೆಲ್ಟ್ ಪುಲ್ಲಿ. ಟ್ರ್ಯಾಕ್ಟರ್ ಹಿಂದೆ, ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡಲು, ಪಿಟಿಒ ಅಂತ ಒಂದು ಶಾಫ್ಟ್ ತಿರುಗುತ್ತದಲ್ಲ, ನಿಮಿಷಕ್ಕೆ 540 ಸುತ್ತು? ಅದಕ್ಕೆ ಈ ಪೆಟ್ಟಿಗೆ ಕೂರಿಸಿ ಬೋಲ್ಟ್ ಬಿಗಿಯುತ್ತಿದ್ದರು. ಒಳಗಿನ ಗೇರುಗಳು ಆ ಸುತ್ತನ್ನು ಪಕ್ಕಕ್ಕೆ ಹೊರಳಿಸುತ್ತವೆ, ವೇಗವನ್ನೂ ಏರಿಸುತ್ತವೆ. ಚಕ್ರಕ್ಕೆ ಉದ್ದನೆಯ ಪಟ್ಟಿ ಬೆಲ್ಟ್. ಬೆಲ್ಟಿನ ಆಚೆ ತುದಿಗೆ ಒಕ್ಕಣೆ ಮಿಷಿನ್ನು. ಅಷ್ಟೇ.

ವಿಡಿಯೋ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಫೋಟೊ ದೊಡ್ಡದು ಮಾಡಿ ನೋಡಿದೆ ನೋಡಿ, ತಲೆಗೆ ಹುಳ ಬಿತ್ತು. ಈ ಚಕ್ರಕ್ಕೆ ಅಂಚೇ ಇಲ್ಲ! ಬಾವಿಯ ರಾಟೆಗೆ ಹಗ್ಗ ಕೂರಲು ನಡುವೆ ಹಳ್ಳ ಇರುತ್ತದೆ, ಅಲ್ವಾ? ಇದಕ್ಕೆ ಹಳ್ಳವೂ ಇಲ್ಲ, ಹಲ್ಲೂ ಇಲ್ಲ. ನುಣ್ಣಗೆ ಬೋಳಾಗಿದೆ. ಇದರ ಮೇಲೆ ಬೆಲ್ಟ್ ಓಡುತ್ತಿದ್ದ ವೇಗ ಗೊತ್ತಾ? ರೂಢಿಯಲ್ಲಿ ನಿಮಿಷಕ್ಕೆ ಸುಮಾರು 3,100 ಅಡಿ. ಅಂದರೆ ಗಂಟೆಗೆ 56 ಕಿಲೋಮೀಟರಿಗೂ ಜಾಸ್ತಿ. ನಮ್ಮೂರಿನ ಬಸ್ಸು ಆ ವೇಗ ಕಂಡಿಲ್ಲ. ಅಷ್ಟು ಜೋರಾಗಿ ಓಡುವ ಪಟ್ಟಿ, ಹಿಡಿಯಲು ಏನೂ ಇಲ್ಲದೆ, ದಿನವಿಡೀ ಚಕ್ರದ ಮೇಲೇ ನಿಂತಿದ್ದು ಹೇಗೆ?

[ಕಟ್: ರಾಗಿ ಮೆದೆ, ಕಣ]

ಮೊದಲು ಎರಡು ಮಾತಿನಲ್ಲಿ ಹಿನ್ನೆಲೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ರಾಗಿ ಕೊಯ್ದು ಮೆದೆ ಹಾಕಿ, ಕಣ ಸಾರಿಸಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸುತ್ತಿದ್ದರು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಅದೂ ಕಣದಲ್ಲಿ ಸುತ್ತು ಹಾಕಿತು. ಕಣ ಇಲ್ಲದವರು ಟಾರು ರಸ್ತೆಗೆ ರಾಗಿ ಹರಡಿ, ಬಸ್ಸು ಲಾರಿಗಳ ಕೈಲಿ ಪುಕ್ಕಟೆ ಒಕ್ಕಣೆ ಮಾಡಿಸಿದರು. ಬೈಕಿನವರು ಜಾರಿ ಬಿದ್ದರೆ ಅದು ಬೈಕಿನವರ ಹಣೆಬರಹ! ಕಾಮೆಂಟಿನಲ್ಲಿ ಬೈಯಿರಿ ಪರವಾಗಿಲ್ಲ, ಈ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ.

ನನ್ನ ಪ್ರಕಾರ ಟ್ರ್ಯಾಕ್ಟರನ್ನು ಕಣದಲ್ಲಿ ಸುತ್ತಿಸುವುದು ಅದನ್ನು ದುಬಾರಿ ಎತ್ತು ಮಾಡಿದಂತೆ. ಅದರ ನಿಜವಾದ ತಾಕತ್ತು ಕಾಣುವುದು ಅದು ನಿಂತಾಗ.

ಸುಮ್ನೆ ಹೇಳುತ್ತಿಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಮೆಕಾರ್ಮಿಕ್ ಡೀರಿಂಗ್ 15-30 ಅಂತ ಒಂದು ಟ್ರ್ಯಾಕ್ಟರ್ ಇತ್ತು. ಹೆಸರಿನ ಆ ಎರಡು ಸಂಖ್ಯೆ ಏನು ಗೊತ್ತಾ? ನೇಗಿಲು ಎಳೆದರೆ 15 ಅಶ್ವಶಕ್ತಿ. ಒಂದು ಕಡೆ ನಿಂತು ಬೆಲ್ಟ್ ತಿರುಗಿಸಿದರೆ 30. ಅದೇ ಎಂಜಿನ್ನು! ಕಬ್ಬಿಣದ ಗಾಲಿ ಮಣ್ಣಿನಲ್ಲಿ ಹೂತು, ಜಾರಿ, ಟ್ರ್ಯಾಕ್ಟರ್ ತನ್ನ ಭಾರವನ್ನು ತಾನೇ ಹೊರುವುದರಲ್ಲಿ ಅರ್ಧ ಶಕ್ತಿ ಹೋಗುತ್ತಿತ್ತು. ಆಗ ಕೊಳ್ಳುವವರು ಎರಡೂ ಲೆಕ್ಕ ಕೇಳುತ್ತಿದ್ದರು. ಅಲ್ಲಿನ ನೆಬ್ರಾಸ್ಕ ರಾಜ್ಯದಲ್ಲಿ 1920ರಿಂದ ಸರ್ಕಾರಿ ಪರೀಕ್ಷೆಯೇ ನಡೆಯಿತು, ಎಳೆತಕ್ಕೆ ಬೇರೆ, ಬೆಲ್ಟಿಗೆ ಬೇರೆ.

ನಮ್ಮ ಕಡೆ ಹಳೇ ಟ್ರ್ಯಾಕ್ಟರ್ ಅಂದರೆ ಮ್ಯಾಸಿ, ಎಚ್‌ಎಂಟಿ ಜೆಟರ್. ಎಚ್‌ಎಂಟಿ ಅಂದ ಕೂಡಲೇ ತುಮಕೂರಿನವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಹೌದು, ಅದೇ ಕಂಪನಿ. ತುಮಕೂರಿನಲ್ಲಿ ವಾಚು, ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಟ್ರ್ಯಾಕ್ಟರು ಮಾಡುತ್ತಿತ್ತು. ಒಂದಕ್ಕೆ ಸೆಕೆಂಡು ತಪ್ಪಬಾರದು, ಇನ್ನೊಂದಕ್ಕೆ ಮಳೆ ತಪ್ಪಬಾರದು.

[ಮೇಜಿನ ಮೇಲೆ ಸ್ಟೀಲ್ ಲೋಟ, ಅಂಟು ಟೇಪು]

ಸರಿ, ಈಗ ಬೆಲ್ಟಿನ ಗುಟ್ಟು. ಅಡುಗೆ ಮನೆಯಿಂದ ಒಂದು ಲೋಟ ತನ್ನಿ. ಬಾಯಿ ಅಗಲ, ತಳ ಸಣ್ಣ ಇರುವ ಲೋಟ. ಮಧ್ಯದಲ್ಲಿ ಟೇಪು ಅಂಟಿಸಿ, ನೇರವಾಗಿ ಸುತ್ತುತ್ತಾ ಬನ್ನಿ. ಸುಕ್ಕು ಬೀಳಬಾರದು, ಎಳೆದು ತಿರುಗಿಸಬಾರದು. ಟೇಪು ಹೋದ ಕಡೆ ಬಿಡಿ.

ನೋಡಿ... ಸುತ್ತು ಮುಗಿಯುವ ಹೊತ್ತಿಗೆ ಟೇಪು ಶುರುವಾದ ಜಾಗಕ್ಕೆ ಬರಲಿಲ್ಲ. ಬಾಯಿ ಕಡೆಗೆ ಏರಿತು. ದಪ್ಪ ಇರುವ ಕಡೆಗೆ! ಉಲ್ಟಾ ದಿಕ್ಕಿನಲ್ಲಿ ಸುತ್ತಿದರೂ ಹಾಗೇ, ಬಾಯಿ ಕಡೆಗೇ. ನಾನು ಮನೆಯ ಆರು ಲೋಟಕ್ಕೂ ಸುತ್ತಿದೆ. ಅಂಟು ತೆಗೆಯಲು ಸೀಮೆಎಣ್ಣೆ ಹುಡುಕಬೇಕಾಯಿತು, ಮನೆಯಲ್ಲಿ ಬೈಗುಳ ಬೇರೆ.

ಇದೇ ಗುಟ್ಟು. ಟೇಪಿಗೆ ನೇರ ಹೋಗುವುದು ಮಾತ್ರ ಗೊತ್ತು. ಇಳಿಜಾರಾದ ಲೋಟದ ಮೇಲೆ ನೇರ ಹೋದರೆ ದಪ್ಪನೆಯ ಕಡೆ ಸೇರುತ್ತದೆ. ಬೆಲ್ಟೂ ಹಾಗೇ. ಈಗ ಎರಡು ಲೋಟವನ್ನು ಬಾಯಿಗೆ ಬಾಯಿ ಇಟ್ಟು ಜೋಡಿಸಿ. ನಡುವೆ ದಪ್ಪ, ಎರಡೂ ಕಡೆ ಇಳಿಜಾರು. ಬೆಲ್ಟ್ ಎಡಕ್ಕೆ ಸರಿದರೆ ಏರಿ ನಡುವಿಗೆ ಬರುತ್ತದೆ. ಬಲಕ್ಕೆ ಸರಿದರೂ ಏರಿ ನಡುವಿಗೇ ಬರುತ್ತದೆ. ಪುಲ್ಲಿಯನ್ನು ಮಾಡುವುದೇ ಹಾಗೆ, ನಡುವೆ ಒಂಚೂರು ಉಬ್ಬು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು.

ಬೆಲ್ಟನ್ನು ತಗ್ಗಿನಲ್ಲಿ ಕೂರಿಸಬೇಕು ಅಂತ ನಮಗೆಲ್ಲ ಅನಿಸುತ್ತದೆ. ಅದು ಕೂರುವುದು ಗುಡ್ಡದ ತುದಿಯಲ್ಲಿ! ಚಿಂತಾಮಣಿಯಲ್ಲಿ ನಮ್ಮ ಬೀದಿಯ ಹಿಟ್ಟಿನ ಮಿಷಿನ್ ಮುಂದೆ ರಾಗಿ ಡಬ್ಬ ಹಿಡಿದು ಎಷ್ಟು ಭಾನುವಾರ ನಿಂತಿದ್ದೇನೋ ಲೆಕ್ಕವಿಲ್ಲ. ಬೆಲ್ಟಿನ ಜಾಯಿಂಟು ಟಪ್ ಟಪ್ ಅನ್ನುತ್ತಾ ತಿರುಗುತ್ತಿತ್ತು. ಇದು ಯಾಕೆ ಬೀಳುವುದಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ.

ಪರೀಕ್ಷೆ ಸುಲಭ. ಪುಲ್ಲಿಯ ಅಗಲಕ್ಕೆ ಒಂದು ಸ್ಕೇಲು ಇಡಿ. ಅದು ಏತದ ಥರ ಆ ಕಡೆ ಈ ಕಡೆ ಆಡಿದರೆ ಉಬ್ಬು ಇದೆ ಅಂತ ಅರ್ಥ. ಮುಳಬಾಗಿಲಿನವರಿಗೂ ಇದನ್ನೇ ಮೆಸೇಜ್ ಮಾಡಿದೆ.

[ಕಟ್: ಎಂಟರ ಆಕಾರದಲ್ಲಿ ಅಡ್ಡ ಹಾಕಿದ ಬೆಲ್ಟಿನ ಚಿತ್ರ]

ಹಾಗಂತ ಡ್ರೈವರಿಗೆ ಕೆಲಸ ಇರಲಿಲ್ಲ ಅಂದುಕೊಳ್ಳಬೇಡಿ. ಉಬ್ಬು ತಿದ್ದುವುದು ಸಣ್ಣ ತಪ್ಪನ್ನು ಮಾತ್ರ. ಎರಡು ಚಕ್ರ ಒಂದೇ ಸಾಲಿಗೆ ಬರಬೇಕು. ಬೆಲ್ಟ್ ಹಾಕಿ, ಟ್ರ್ಯಾಕ್ಟರನ್ನು ಗೇಣು ಗೇಣಾಗಿ ಸರಿಸಿ ಬಿಗಿ ಮಾಡಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಬೇಕು. ಉದ್ದದ ಬೆಲ್ಟನ್ನು ಎಷ್ಟೋ ಸಲ ನಡುವೆ ಅಡ್ಡ ಹಾಯಿಸಿ, ಎಂಟರ ಆಕಾರದಲ್ಲಿ ತೊಡಿಸುತ್ತಿದ್ದರು. ಹಾಗೆ ಮಾಡಿದರೆ ಗಾಳಿಗೆ ಪಟಪಟ ಬಡಿಯುವುದು ಕಡಿಮೆ. ಮಿಷಿನ್ ಉಲ್ಟಾ ತಿರುಗಬೇಕಾದರೆ ಅದಕ್ಕೂ ಇದೇ ದಾರಿ. ಜೊತೆಗೆ ಚಕ್ರವನ್ನು ಬೆಲ್ಟ್ ಇನ್ನೊಂದಿಷ್ಟು ಜಾಸ್ತಿ ತಬ್ಬಿಕೊಳ್ಳುತ್ತದೆ.

ತಬ್ಬಿದಷ್ಟೂ ಹಿಡಿತ ಎಷ್ಟು ಏರುತ್ತದೆ ಅನ್ನುವುದು ಹೋರಿ ಕಟ್ಟಿದವರಿಗೆ ಗೊತ್ತು. ಗೂಟಕ್ಕೆ ಹಗ್ಗ ಅರ್ಧ ಸುತ್ತು ಸುತ್ತಿದರೆ ನಿಮ್ಮ ಕೈಬಲ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಪೂರ್ತಿ ಸುತ್ತಿಗೆ ಆರೂವರೆ. ಎರಡು ಸುತ್ತಿಗೆ 43! ಘರ್ಷಣೆಯ ಲೆಕ್ಕಕ್ಕೆ 0.3 ಹಿಡಿದಿದ್ದೇನೆ, ಮೇಷ್ಟ್ರುಗಳು ಕೋಪಿಸಿಕೊಳ್ಳಬೇಡಿ. ಆವನಿ ಜಾತ್ರೆಯ ಹೋರಿಯನ್ನು ಒಬ್ಬ ಹುಡುಗ ಹಿಡಿದು ನಿಲ್ಲಿಸುವುದು ಈ ಲೆಕ್ಕದಲ್ಲೇ.

ಇಷ್ಟು ಉದ್ದದ ಬೆಲ್ಟ್ ಯಾಕೆ? ಇದು ಸ್ಟೀಮ್ ಎಂಜಿನ್ ಕಾಲದಿಂದ ಬಂದ ರೂಢಿ. ಚಿಮಣಿಯ ಕಿಡಿ ಹುಲ್ಲಿಗೆ ಹಾರಿದರೆ ವರ್ಷದ ಅನ್ನ ಬೂದಿ. ಹಾಗಾಗಿ ಎಂಜಿನ್ ದೂರ ಇರಬೇಕಿತ್ತು. ಡೀಸೆಲ್ ಟ್ರ್ಯಾಕ್ಟರಿಗೂ ದೂರ ಒಳ್ಳೆಯದೇ. ಹೊಟ್ಟು ಹಾರಿ ಬಂದು ರೇಡಿಯೇಟರ್ ಮುಚ್ಚುವುದಿಲ್ಲ.

ಇನ್ನು ಅದರ ಸದ್ದು. ಟ್ರ್ಯಾಕ್ಟರ್ ಸೀಟು ಖಾಲಿ. ಎಂಜಿನ್ ಒಂದೇ ಸಮನೆ ಗುಡುಗುಡು ಅನ್ನುತ್ತಿರುತ್ತದೆ. ಮಿಷಿನ್ ಬಾಯಿಗೆ ತೆನೆ ಕಟ್ಟು ಹೋದ ತಕ್ಷಣ ದನಿ ದಪ್ಪ ಆಗುತ್ತದೆ. ವೇಗ ಬೀಳದಂತೆ ಎಂಜಿನ್ನಿನ ಗವರ್ನರ್ ಅನ್ನುವ ಭಾಗ ತಾನೇ ಡೀಸೆಲ್ ಜಾಸ್ತಿ ಬಿಡುತ್ತದೆ, ಕಟ್ಟು ಅರೆದು ಮುಗಿದರೆ ಮತ್ತೆ ಇಳಿಸುತ್ತದೆ. ತೆನೆ ಕೊಡುವವರು ಕಿವಿಯಲ್ಲೇ ಕೆಲಸ ಮಾಡುತ್ತಾರೆ. ದನಿ ಹಗುರಾದ ಮೇಲೆ ಮುಂದಿನ ಕಟ್ಟು. ಆತುರಪಟ್ಟು ಎರಡು ಕಟ್ಟು ತುರುಕಿದರೆ ಮಿಷಿನ್ ಒಳಗೆ ತಿರುಗುವ ಡ್ರಮ್ಮು ಸಿಕ್ಕಿಕೊಳ್ಳುತ್ತದೆ. ಆಗ ಬೆಲ್ಟ್ ಜಾರುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಬೀಳಲಿ! ಗೇರು ಮುರಿಯುವುದಕ್ಕಿಂತ ಅದು ಅಗ್ಗ. ಮನೆಯ ಫ್ಯೂಸು ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

[ಗಡಿಯಾರ ತೋರಿಸುತ್ತಾ]

ಎಡಿಟರ್ ಕಣ್ಣು ಬಿಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಗೋಧಿಗೆ ಹೊಂದಿಸಿದ ಮಿಷಿನ್ ತಂದು ರಾಗಿ ಹಾಕಬೇಡಿ. ಸಾವಿರ ಗೋಧಿ ಕಾಳು ಸುಮಾರು 40 ಗ್ರಾಂ, ಸಾವಿರ ರಾಗಿ ಕಾಳು ಮೂರು ಗ್ರಾಮಿನ ಆಸುಪಾಸು. ಫ್ಯಾನ್ ವೇಗ ಇಳಿಸದಿದ್ದರೆ ಹೊಟ್ಟಿನ ಜೊತೆ ರಾಗಿಯೂ ಪಕ್ಕದ ಹೊಲಕ್ಕೆ. ಮತ್ತೆ, ಓಡುವ ಬೆಲ್ಟಿಗೆ ಸೆರಗು, ಪಂಚೆ, ಬಳೆ ಯಾವುದೂ ಗೊತ್ತಾಗುವುದಿಲ್ಲ. ದಾಟಬೇಡಿ, ಕೈಯಲ್ಲಿ ತೊಡಿಸಬೇಡಿ. ಪವರ್ ಥ್ರೆಷರ್, ಅಂದರೆ ಇಂಥ ಒಕ್ಕಣೆ ಮಿಷಿನ್ನುಗಳಲ್ಲಿ ಎಷ್ಟೋ ಜನ ಕೈ ಕಳೆದುಕೊಂಡ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯೇ ಬಂತು. ತೆನೆ ಇಟ್ಟು ಒಳಗೆ ತಳ್ಳುವ ದೋಣಿಯಾಕಾರದ ತಟ್ಟೆ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಮಿಷಿನ್ ಕಡೆಯ ಅರ್ಧ ಮುಚ್ಚಿರಬೇಕು. ಕೈ ಡ್ರಮ್ಮಿನ ತನಕ ಹೋಗಬಾರದು, ಅದಕ್ಕೆ.

ಈಗಿನ ಮಿಷಿನ್ನುಗಳು ನೇರವಾಗಿ ಪಿಟಿಒ ಶಾಫ್ಟಿಗೆ ಸಿಕ್ಕಿಸುವಂಥವು. ರಾಗಿ ಕೊಯ್ದು ಒಕ್ಕುವ ಯಂತ್ರ ಬಾಡಿಗೆಗೂ ಬರುತ್ತದೆ. ಬೆಲ್ಟ್ ತೊಡಿಸುವ ಕೆಲಸ ಹೋಯಿತು.

ಅಂದ ಹಾಗೆ ಮುಳಬಾಗಿಲಿನಿಂದ ಉತ್ತರ ಬಂದಿದೆ. ಆರು ಸೆಕೆಂಡಿನ ವಿಡಿಯೋ.

[ಪರದೆ ಮೇಲೆ: ಪುಲ್ಲಿಯ ಮೇಲೆ ಶಾಲೆಯ ಮರದ ಸ್ಕೇಲು, ಆ ಕಡೆ ಈ ಕಡೆ ಆಡುತ್ತಿದೆ]

ಬೆಲ್ಟ್ ಎಲ್ಲಿ ಅಂತ ಕೇಳಿದೆ. ಶೆಡ್ಡಿನಲ್ಲಿ ಇಲ್ಲವಂತೆ. ತಾತ ಅದನ್ನು ತುಂಡು ಮಾಡಿ ದನದ ಕೊಟ್ಟಿಗೆಯ ಬಾಗಿಲಿಗೆ ಕೀಲು ಹೊಡೆದಿದ್ದಾರಂತೆ. ಬಾಗಿಲು ಎರಡು ಸಲ ಬದಲಾಗಿದೆ, ಕೀಲು ಅದೇ.