ಸಾಲ್ಮಿಯಾಕ್: ಸ್ವೀಡನ್ನಿನ ಮಿಠಾಯಿಯೊಳಗೆ ಈಜಿಪ್ಟಿನ ದೇವರು

[ಅಂಗೈ ಮೇಲೆ ಕಪ್ಪು ಮಿಠಾಯಿ, ಕ್ಲೋಸಪ್]

ನಮಸ್ಕಾರ. ಇದು ಸ್ವೀಡನ್ನಿನವರ ಉಪ್ಪು ಲಾಕ್ರಿಟ್ಸ್ ಅನ್ನುವ ಮಿಠಾಯಿ. ಬಾಯಿಗೆ ಹಾಕಿಕೊಂಡ ಕೂಡಲೇ ಮುಖ ಹಿಂಡಿಹೋಯಿತು. ಉಪ್ಪು ಅಂದರೆ ಉಪ್ಪಲ್ಲ, ನೇರ ಮೂಗಿಗೇ ಏರುತ್ತದೆ. ಪೊಟ್ಟಣದ ಹಿಂದೆ ಒಂದು ಪದ ಇತ್ತು: ಸಾಲ್ಮಿಯಾಕ್. ಏನಪ್ಪಾ ಇದು?

ಅಮೋನಿಯಂ ಕ್ಲೋರೈಡ್. ಕೆಮಿಸ್ಟ್ರಿ ಇಷ್ಟು ಸಾಕು, ಮಜಾ ಇರುವುದು ಹೆಸರಲ್ಲಿ.

ಲ್ಯಾಟಿನ್ನಿನ 'ಸಾಲ್ ಅಮೋನಿಯಾಕಮ್' ಸವೆದು ಸವೆದು ಸಾಲ್ಮಿಯಾಕ್ ಆಗಿದೆ. ಅಂದರೆ ಅಮ್ಮೋನನ ಉಪ್ಪು. ಯಾರು ಈ ಅಮ್ಮೋನ? ಈಜಿಪ್ಟಿನ ಅಮುನ್ ದೇವರು. ಮರುಭೂಮಿಯ ಸಿವಾ ಓಯಸಿಸ್‌ನಲ್ಲಿ ಅವನ ಗುಡಿ ಇತ್ತು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಅಲ್ಲಿಗೇ ಹೋಗಿ ದೇವರ ಮಾತು ಕೇಳಿ ಬಂದ. ನಮ್ಮವರು ಹೂಪ್ರಸಾದ ಕೇಳುತ್ತಾರಲ್ವಾ, ಹಾಗೆ. ಮೊದಲು ಈ ಹೆಸರಲ್ಲಿ ಸಿಗುತ್ತಿದ್ದದ್ದು ಬಹುಶಃ ಬರೀ ಕಲ್ಲುಪ್ಪು. ಆಮೇಲೆ ಒಂಟೆ ಲದ್ದಿ ಸುಟ್ಟು, ಅದರ ಮಸಿ ಕಾಯಿಸಿ ತೆಗೆದ ಉಪ್ಪಿಗೆ ಹೆಸರು ಅಂಟಿಕೊಂಡಿತು. ಹೌದು, ಲದ್ದಿ. ಈಗಿನದು ಫ್ಯಾಕ್ಟರಿಯದು, ಗಾಬರಿಯಾಗಬೇಡಿ.

[ಕಲಾಯಿ ಹಾಕುವ ದೃಶ್ಯ]

ಈಗ ನನಗೆ ಇಷ್ಟವಾದ ಭಾಗ. ಈ ವಸ್ತು ನಿಮ್ಮ ಅಜ್ಜಿಗೂ ಗೊತ್ತು. ನವಸಾಗರ! ಕಲಾಯಿಯವನು ಬೀದಿಯಲ್ಲಿ ತಿದಿ ಒತ್ತಿ ಹಿತ್ತಾಳೆ ಪಾತ್ರೆ ಕಾಯಿಸುತ್ತಾನೆ. ಒಂದು ಚಿಟಿಕೆ ಪುಡಿ ಉದುರಿಸಿ ಹತ್ತಿಯಿಂದ ಉಜ್ಜುತ್ತಾನೆ. ಬುಸ್ ಅಂತ ಬಿಳಿ ಹೊಗೆ, ಹಿಂದೆಯೇ ತವರ ಬೆಳ್ಳಿಯಂತೆ ಹರಡುತ್ತದೆ. ಬಿಸಿಗೆ ಈ ಉಪ್ಪು ಒಡೆದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಎರಡನೆಯದು ಲೋಹದ ಮೇಲಿನ ಕಿಲುಬನ್ನು ಕಿತ್ತುಹಾಕುತ್ತದೆ. ಮೇಲೆ ಹೋಗಿ ತಣ್ಣಗಾದಾಗ ಎರಡೂ ಮತ್ತೆ ಸೇರಿಕೊಳ್ಳುತ್ತವೆ. ಆ ಬಿಳಿ ಹೊಗೆ ಅದೇ, ವಾಪಸ್ ನವಸಾಗರ! ನಾನಂತೂ ಇದನ್ನು ಮೂರು ಸಲ ನೋಡಿದೆ, ಸುಮ್ನೆ.

ನವಸಾಗರ ಅಂದರೆ ಒಂಬತ್ತು ಸಮುದ್ರ ಅಂದುಕೊಂಡಿದ್ದೆ. ಅಲ್ಲವಂತೆ, ಪಾರ್ಸಿಯ 'ನೌಶಾದರ್' ಜೊತೆ ನಂಟು. ಸಮುದ್ರವನ್ನು ನಾವೇ ತಂದು ಸೇರಿಸಿದ್ದು.

ಟೈಮ್ ಜಾಸ್ತಿ ಆಯಿತು, ಉಳಿದದ್ದು ಬೇಗ ಬೇಗ. ಈ ಉಪ್ಪಿನಿಂದ ಬರುವ ಗ್ಯಾಸಿಗೆ 1782ರಲ್ಲಿ ಅಮೋನಿಯಾ ಅಂತ ಹೆಸರಿಟ್ಟವನೂ ಸ್ವೀಡನ್ನಿನವನೇ, ಉಪ್ಸಾಲಾದ ಟೋರ್ಬೆರ್ನ್ ಬೆರ್ಗ್‌ಮನ್. ಟಗರಿನ ಕೊಂಬಿನಂತೆ ಸುತ್ತಿಕೊಂಡ ಅಮೋನೈಟ್ ಪಳೆಯುಳಿಕೆಯ ಹೆಸರೂ ಟಗರುಕೊಂಬಿನ ಅದೇ ಅಮ್ಮೋನ ದೇವರದು. ಇನ್ನು ಲಾಕ್ರಿಟ್ಸ್? ಗ್ರೀಕಿನ 'ಸಿಹಿ ಬೇರು'. ನಮ್ಮ ಅತಿಮಧುರ. ಅತಿಮಧುರಕ್ಕೆ ಕಲಾಯಿ ಉಪ್ಪು ಹಾಕಿ ಚಪ್ಪರಿಸುವವರಿಗೆ ಏನು ಹೇಳೋಣ?

ಪೊಟ್ಟಣದಲ್ಲಿ ಇನ್ನೂ ಹನ್ನೆರಡು ಉಳಿದಿವೆ. ಬೇಕಾದವರು ಕಾಮೆಂಟ್ ಹಾಕಿ.