ಶಿಕ್ಷೆಯ ಭರವಸೆ ಕೊಡುವ ಅಭ್ಯರ್ಥಿಗೆ ಕೇಳಬೇಕಾದ ಪ್ರಶ್ನೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಚುನಾವಣೆ ಹತ್ತಿರ ಬಂತೆಂದರೆ ಅಪರಾಧದ ವಿಷಯವೂ ವೇದಿಕೆ ಹತ್ತುತ್ತದೆ. ಎಲ್ಲಾದರೂ ಘೋರ ಕೃತ್ಯವೊಂದು ನಡೆದಿದ್ದರಂತೂ ಮಾತಿಗೆ ಕಾವು ಹೆಚ್ಚು. ‘ನಮ್ಮನ್ನು ಗೆಲ್ಲಿಸಿ, ಅಂಥವರನ್ನು ಆರೇ ತಿಂಗಳಲ್ಲಿ ಗಲ್ಲಿಗೇರಿಸುತ್ತೇವೆ’ ಎಂದರೆ ಚಪ್ಪಾಳೆ ಬೀಳುತ್ತದೆ. ಜನರ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಅಭ್ಯರ್ಥಿ ನಿಂತಿರುವ ಸ್ಥಾನಕ್ಕೆ ಆ ಕೆಲಸ ಮಾಡುವ ಅಧಿಕಾರ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಕಾರಾಗೃಹ ರಾಜ್ಯ ಪಟ್ಟಿಯಲ್ಲಿವೆ. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ, ವಿಚಾರಣೆ ಹೇಗೆ ನಡೆಯಬೇಕು ಎಂಬುದು ಸಮವರ್ತಿ ಪಟ್ಟಿಯಲ್ಲಿದೆ. ಅದರ ಮೇಲೆ ಸಂಸತ್ತು, ವಿಧಾನಸಭೆ ಎರಡೂ ಕಾನೂನು ಮಾಡಬಹುದು. ಆದರೆ ರಾಜ್ಯದ ಕಾನೂನು ಕೇಂದ್ರದ ಕಾನೂನಿಗೆ ವಿರುದ್ಧವಾಗಿದ್ದರೆ, 254ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಸಿಕ್ಕರೆ ಮಾತ್ರ ಅದು ಆ ರಾಜ್ಯದಲ್ಲಿ ನಿಲ್ಲುತ್ತದೆ. ಆಂಧ್ರಪ್ರದೇಶದ ವಿಧಾನಸಭೆ 2019ರ ಡಿಸೆಂಬರ್‌ನಲ್ಲಿ ದಿಶಾ ಮಸೂದೆಯನ್ನು ಅಂಗೀಕರಿಸಿತು. ಅತ್ಯಾಚಾರ ಪ್ರಕರಣಗಳಲ್ಲಿ 7 ದಿನದಲ್ಲಿ ತನಿಖೆ, 14 ದಿನದಲ್ಲಿ ವಿಚಾರಣೆ, ಒಟ್ಟು 21 ದಿನದಲ್ಲಿ ತೀರ್ಪು ಎಂದು ಅದರಲ್ಲಿತ್ತು. ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಅಂಕಿತ ಸಿಗದೆ ಅದು ಜಾರಿಗೆ ಬರಲೇ ಇಲ್ಲ.

ಗಲ್ಲು ಶಿಕ್ಷೆಯ ವಿಷಯಕ್ಕೆ ಬಂದರೆ, ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆಯನ್ನು ಹೈಕೋರ್ಟ್ ದೃಢಪಡಿಸಲೇಬೇಕು. ಆಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ, ಪುನರ್ ಪರಿಶೀಲನೆ ಅರ್ಜಿ. ಅದೂ ಮುಗಿದರೆ ರಾಜ್ಯಪಾಲರಿಗೆ 161ನೇ ವಿಧಿಯಡಿ, ರಾಷ್ಟ್ರಪತಿಗಳಿಗೆ 72ನೇ ವಿಧಿಯಡಿ ಕ್ಷಮಾದಾನದ ಅರ್ಜಿ. ಇದರ ಮೇಲೆ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಶಾಸಕರು ಕಿತ್ತುಹಾಕಲಾರರು. ಹಾಗಾಗಿ ಆರು ತಿಂಗಳ ಮಾತು ಎಲ್ಲಿ ನಿಲ್ಲುತ್ತದೆ ಎಂಬುದು ಕೇಳುವವರಿಗೆ ಗೊತ್ತಿರಬೇಕು.

ಹಾಗಾದರೆ ರಾಜ್ಯದ ಕೈಯಲ್ಲಿ ಏನೂ ಇಲ್ಲವೇ? ಬಹಳಷ್ಟಿದೆ. ಅಪರಾಧಿಯನ್ನು ತಡೆಯುವುದು ಶಿಕ್ಷೆಯ ಕಠೋರತೆಗಿಂತ ಹೆಚ್ಚಾಗಿ, ಸಿಕ್ಕಿಬೀಳುತ್ತೇನೆ, ಶಿಕ್ಷೆ ಆಗಿಯೇ ತೀರುತ್ತದೆ ಎಂಬ ಖಾತ್ರಿ. ಇಟಲಿಯ ಚಿಂತಕ ಚೆಸಾರೆ ಬೆಕ್ಕಾರಿಯಾ 1764ರಲ್ಲಿ ಇದನ್ನು ಹೇಳಿದರು. ಅಪರಾಧ ಶಾಸ್ತ್ರದ ಅಧ್ಯಯನಗಳೂ ಹೆಚ್ಚಾಗಿ ಅದೇ ದಿಕ್ಕಿಗೆ ಬಂದು ನಿಂತಿವೆ. ಈ ಖಾತ್ರಿ ಹುಟ್ಟುವುದು ಠಾಣೆಯಲ್ಲಿ, ಪ್ರಯೋಗಾಲಯದಲ್ಲಿ, ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರಾದ ಸರ್ಕಾರಿ ಅಭಿಯೋಜಕರ ಕೋಣೆಯಲ್ಲಿ. ಮೂರೂ ರಾಜ್ಯ ಸರ್ಕಾರದ ಹಣದಿಂದಲೇ ನಡೆಯುವಂಥವು.

ಒಂದು ರಕ್ತದ ಕಲೆಯಾದ ಬಟ್ಟೆಯನ್ನೇ ತೆಗೆದುಕೊಳ್ಳಿ. ಸ್ಥಳ ಮಹಜರಿನಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಳ್ಳುತ್ತಾರೆ. ಒದ್ದೆ ಇದ್ದರೆ ನೆರಳಿನಲ್ಲಿ ಒಣಗಿಸಿ, ಕಾಗದದ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಬೇಕು. ಅವಸರದಲ್ಲಿ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ತೇವ ಒಳಗೇ ಉಳಿದು, ಬೂಷ್ಟು ಹಿಡಿದು, ಡಿಎನ್‌ಎ ಹಾಳಾಗುತ್ತದೆ. ಬಟ್ಟೆ ಠಾಣೆಯಲ್ಲಿ ಎಷ್ಟು ದಿನ ಇತ್ತು, ಯಾರು ತೆಗೆದುಕೊಂಡು ಹೋದರು, ಪ್ರಯೋಗಾಲಯ ತಲುಪಿದಾಗ ಮುದ್ರೆ ಸರಿಯಿತ್ತೇ, ಇವಕ್ಕೆಲ್ಲ ಬರಹದ ದಾಖಲೆ ಇರಬೇಕು. ಒಂದು ಕೊಂಡಿ ತಪ್ಪಿದರೂ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಅಲ್ಲೇ ಹಿಡಿಯುತ್ತಾರೆ. ಹಿಡಿಯುವುದು ಅವರ ಕರ್ತವ್ಯ ಕೂಡ.

ಇತ್ತ ಗಡಿಯಾರ ಓಡುತ್ತಿರುತ್ತದೆ. ಆರೋಪಿ ಬಂಧನದಲ್ಲಿದ್ದರೆ 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಇಲ್ಲದಿದ್ದರೆ ಜಾಮೀನು ಆತನ ಹಕ್ಕಾಗುತ್ತದೆ. ಪ್ರಯೋಗಾಲಯದಲ್ಲಿ ತಜ್ಞರ ಹುದ್ದೆ ಖಾಲಿ ಬಿದ್ದಿದ್ದರೆ ವರದಿ ಬರುವುದಿಲ್ಲ. ತನಿಖಾಧಿಕಾರಿ ವರದಿ ಇಲ್ಲದೆಯೇ ಪಟ್ಟಿ ಹಾಕುತ್ತಾರೆ, ವಿಚಾರಣೆ ವರದಿಗಾಗಿ ಕಾಯುತ್ತ ಮುಂದೂಡಿಕೆಯಾಗುತ್ತದೆ. ಅಷ್ಟರಲ್ಲಿ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗ, ಸಾಕ್ಷಿ ಊರು ಬಿಟ್ಟಾಗಿದೆ, ಇಲ್ಲವೇ ಒತ್ತಡಕ್ಕೆ ಮಣಿದು ಪ್ರತಿಕೂಲ ಸಾಕ್ಷಿಯಾಗಿದ್ದಾರೆ. ಕೊನೆಗೆ ಖುಲಾಸೆ. ಕಾನೂನಿನಲ್ಲಿ ಗಲ್ಲು ಎಂದೇ ಬರೆದಿದ್ದರೂ ಇಲ್ಲಿ ಫಲ ಬದಲಾಗುತ್ತಿರಲಿಲ್ಲ.

ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ಅಂದರೆ ತಜ್ಞರು ಬೇಕು, ವಾಹನ ಬೇಕು, ಹಣ ಬೇಕು. ಮತ ಕೇಳಲು ಬಂದವರಿಗೆ ಇದನ್ನೇ ಕೇಳಿ: ನಮ್ಮ ಜಿಲ್ಲೆಗೆ ಎಷ್ಟು ಜನ ತಜ್ಞರು? ಖಾಲಿ ಹುದ್ದೆ ಎಷ್ಟು, ಯಾವಾಗ ತುಂಬುತ್ತೀರಿ? ನ್ಯಾಯಾಲಯಕ್ಕೊಬ್ಬ ಅಭಿಯೋಜಕ ಇದ್ದಾರೆಯೇ, ಇಲ್ಲ ಒಬ್ಬರೇ ಎರಡು ಮೂರು ಕಡೆ ಓಡುತ್ತಿದ್ದಾರೆಯೇ? ಸಂಖ್ಯೆ ಹೇಳುವ ಅಭ್ಯರ್ಥಿಯನ್ನು ಮುಂದೆ ಸದನದಲ್ಲಿ ಸರ್ಕಾರ ಕೊಡುವ ಉತ್ತರ ಹಿಡಿದು ಲೆಕ್ಕ ಕೇಳಬಹುದು. ‘ಕಠಿಣ ಕ್ರಮ’ ಎಂದಷ್ಟೇ ಹೇಳುವವರಿಂದ ಯಾವ ಲೆಕ್ಕ ಕೇಳುವುದು?

ಇನ್ನೊಂದು ಅಧಿಕಾರ ಸದ್ದಿಲ್ಲದ್ದು: ಮೊಕದ್ದಮೆ ಹಿಂತೆಗೆತ. ಸರ್ಕಾರ ತೀರ್ಮಾನಿಸಿದರೆ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಪ್ರಕರಣ ಕೈಬಿಡಬಹುದು. ಹೊಸ ಸಂಹಿತೆಯ 360ನೇ ಕಲಮು ಸಂತ್ರಸ್ತರ ಮಾತನ್ನು ಕೇಳದೆ ಒಪ್ಪಿಗೆ ಕೊಡಬಾರದು ಎನ್ನುತ್ತದೆ. ಶಾಸಕರು, ಸಂಸದರ ಮೇಲಿನ ಪ್ರಕರಣವಾದರೆ ಹೈಕೋರ್ಟಿನ ಅನುಮತಿಯೂ ಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅಪರಾಧದ ವಿರುದ್ಧ ಗುಡುಗುವ ಪಕ್ಷವು ಅಧಿಕಾರದಲ್ಲಿದ್ದಾಗ ಯಾರ ಮೇಲಿನ ಪ್ರಕರಣ ಹಿಂತೆಗೆಯಿತು ಎಂಬುದು ಅದರ ಪ್ರಣಾಳಿಕೆಗಿಂತ ಸ್ಪಷ್ಟವಾಗಿ ಮಾತಾಡುತ್ತದೆ.

ಎನ್‌ಕೌಂಟರ್, ಬುಲ್ಡೋಜರ್ ಹೆಸರಿನಲ್ಲೂ ಮತ ಕೇಳುವುದುಂಟು. ಇವು ಶಿಕ್ಷೆಗಳಲ್ಲ, ತೀರ್ಪಿಲ್ಲದ ದಂಡನೆ. ಎನ್‌ಕೌಂಟರ್ ಸಾವಾದರೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆರೋಪಿ ಎಂಬ ಕಾರಣಕ್ಕೆ ಮನೆ ಕೆಡವುವಂತಿಲ್ಲ, ಕಟ್ಟಡ ತೆರವಿಗೆ ಸಾಮಾನ್ಯವಾಗಿ ಕನಿಷ್ಠ 15 ದಿನದ ನೋಟಿಸು ಬೇಕು ಎಂದು 2024ರ ನವೆಂಬರ್‌ನಲ್ಲಿ ಹೇಳಿತು.

ಜೈಲಿನ ಬಗ್ಗೆ ಮಾತಾಡುವ ಅಭ್ಯರ್ಥಿ ಸಿಗುವುದೇ ಅಪರೂಪ. ದೇಶದ ಕೈದಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಮೊದಲ ಬಾರಿ ಸಿಕ್ಕಿಬಿದ್ದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಸಿಗದು. ಬಡವರಿಗೆ ಜಾಮೀನು ಸಿಕ್ಕರೂ ಜಾಮೀನುದಾರ ಸಿಗುವುದಿಲ್ಲ, ಅವರು ಒಳಗೇ ಉಳಿಯುತ್ತಾರೆ. ಈ ಬಗ್ಗೆ ಒಂದು ಮಾತಾಡಿದರೂ ‘ಅಪರಾಧಿಗಳ ಪರ’ ಎಂದು ಎದುರಾಳಿ ಹಣೆಪಟ್ಟಿ ಹಚ್ಚುತ್ತಾರೆ. ಹೆದರದೆ ಮಾತಾಡುವವರಿಗೆ ನಾವು ಕಿವಿಗೊಡಬೇಕು.

ಇನ್ನು ಅಭ್ಯರ್ಥಿಯ ಸ್ವಂತ ದಾಖಲೆ. ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಬಾಕಿ ಪ್ರಕರಣಗಳ ಅಂಕಣಕ್ಕೆ ನೇರ ಹೋಗಿ. ಅಲ್ಲಿ ಎಫ್‌ಐಆರ್ ಸಂಖ್ಯೆ, ನ್ಯಾಯಾಲಯ, ಕಲಮುಗಳು, ಆರೋಪ ನಿಗದಿ ಆಗಿದೆಯೇ, ಆಗಿದ್ದರೆ ಯಾವ ದಿನ ಎಂದೆಲ್ಲ ಇರುತ್ತದೆ. ಪ್ರಕರಣಗಳ ಸಂಖ್ಯೆ ನೋಡಿ ಬೆಚ್ಚಬೇಡಿ, ಕಲಮು ನೋಡಿ. ಹಳೆಯ ದಂಡ ಸಂಹಿತೆಯ 143, 188 ಇದ್ದರೆ ಅವು ಹೆಚ್ಚಾಗಿ ಧರಣಿ, ಮೆರವಣಿಗೆಯಲ್ಲಿ ಬೀಳುವ ಕೇಸುಗಳು. 302 ಅಥವಾ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103 ಎಂದರೆ ಕೊಲೆ. 307 ಅಥವಾ 109 ಎಂದರೆ ಕೊಲೆ ಯತ್ನ. 376 ಅಥವಾ 64 ಎಂದರೆ ಅತ್ಯಾಚಾರ. ಬರೀ ಎಫ್‌ಐಆರ್ ಹಂತದಲ್ಲಿರುವುದಕ್ಕೂ, ನ್ಯಾಯಾಧೀಶರು ಸಾಕ್ಷ್ಯ ನೋಡಿ ಆರೋಪ ನಿಗದಿ ಮಾಡಿರುವುದಕ್ಕೂ ಬಹಳ ವ್ಯತ್ಯಾಸವಿದೆ. 2020ರ ಸುಪ್ರೀಂ ಕೋರ್ಟ್ ಆದೇಶದಂತೆ, ಪ್ರಕರಣವಿರುವ ವ್ಯಕ್ತಿಯನ್ನೇ ಏಕೆ ಆರಿಸಿಕೊಂಡೆವು ಎಂದು ಪಕ್ಷವೂ ಪ್ರಕಟಿಸಬೇಕು. ‘ಗೆಲ್ಲುವ ಸಾಮರ್ಥ್ಯ’ ಎಂಬುದು ಕಾರಣವಾಗದು ಎಂದು ಆ ಆದೇಶದಲ್ಲೇ ಇದೆ.

ಪ್ರಮಾಣಪತ್ರದಲ್ಲಿ ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಹೆಚ್ಚೆಂದರೆ 6 ತಿಂಗಳ ಸೆರೆ, ಇಲ್ಲವೇ ಬರೀ ದಂಡ. ಇದನ್ನು ಕನಿಷ್ಠ 2 ವರ್ಷದ ಸೆರೆಗೆ ಏರಿಸಿ, ಅಂಥವರನ್ನು ಅನರ್ಹಗೊಳಿಸಬೇಕೆಂದು ಕಾನೂನು ಆಯೋಗ 2014ರಲ್ಲಿ ತನ್ನ 244ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಲೋಕಸಭೆಗೆ ನಿಂತು ಕಠಿಣ ಶಿಕ್ಷೆಯ ಮಾತಾಡುವವರು ನಿಮ್ಮ ಮನೆ ಬಾಗಿಲಿಗೆ ಬಂದಾಗ, ಆ ತಿದ್ದುಪಡಿಯ ಪರವಾಗಿ ಮತ ಹಾಕುತ್ತೀರಾ ಎಂದು ಕೇಳಿ. ಅದು ಅವರ ಅಧಿಕಾರದೊಳಗೇ ಇರುವ ವಿಷಯ.

ನಮಸ್ಕಾರ.